ಗಾಲಿಗೆ ಹಾಕಿದ ನೀರು

ನಂದೊಂದು ಸಣ್ಣ ಗೂಡ್ಸ್ ಗಾಡಿ ಅದ. ಮಾನ್ವಿ ಮಿಲ್ಲಿನಿಂದ ಅಕ್ಕಿ ಹೇರಿಕೊಂಡು ದೇವದುರ್ಗಕ್ಕ ಬಂದು, ಅಂಗಡಿಗೆ ಇಳಿಸೋ ಮೊದಲು ಊಟಕ್ಕಂತ ಮನಿ ಮುಂದ ನಿಲ್ಲಸ್ತೀನಿ. ನಿಲ್ಲಿಸಿದ ಕೂಡ್ಲೇ ನಮ್ಮವ್ವ ತಂಬಗಿ ತುಂಬ ನೀರು ತಂದು ಹಿಂದಿನ ಗಾಲಿಗೆ ಸುರೀತಿದ್ದಳು. ಒಳಗಿಂದ ಚುಂಯ್ ಅಂತಿತ್ತು.

"ನೋಡಿದೇನು, ಎಷ್ಟು ಮಂದಿ ಕಣ್ಣು ಬಿದ್ದಿದ್ವು" ಅಂತಿದ್ದಳು. ಆ ಸಪ್ಪಳ ಕೇಳಿದ ಮ್ಯಾಲೇ ಅಕಿಗೆ ಸಮಾಧಾನ.

ನನ್ನ ತಲಿ ಸುಮ್ಮನ ಕೂಡೋದಲ್ಲ. ತುಂಬಿದ ಗಾಡಿ ತಂದ ದಿನ ಚುಂಯ್ ಅಂತದ, ಖಾಲಿ ತಂದ ದಿನ ಅನ್ನಂಗಿಲ್ಲ. ಯಾಕವ್ವಾ ಅಂತ ಕೇಳಿದ್ರ ಉತ್ತರ ತಯಾರು: "ಖಾಲಿ ಗಾಡಿ ನೋಡಿ ಯಾರಿಗೆ ಹೊಟ್ಟಿಕಿಚ್ಚು ಬರ್ತದಲೇ?"

ಈ ಬ್ಯಾಸಗ್ಯಾಗ ಬ್ರೇಕ್ ತುಳಿದ್ರ ಗಾಡಿ ನಡುಗಾಕ ಹತ್ತಿತು. ಒಂದಿನ ಕುರಿಹಿಂಡು ಅಡ್ಡ ಬಂತು, ತುಳಿದ್ರ ಲಗೂನ ನಿಲ್ಲಲೇ ಇಲ್ಲ. ಕುರಿಗೂ ಗಾಡಿಗೂ ನಡುವ ಗೇಣುದ್ದ ಉಳಿದಿತ್ತು.

ರಾಯಚೂರಿಗೆ ಒಯ್ದೆ. ಗ್ಯಾರೇಜಿನ ಉಸ್ತಾದ್ ಗಾಲಿ ಬಿಚ್ಚಿ ಒಳಗಿನ ಬ್ರೇಕ್ ಡ್ರಮ್ ತೋರಿಸಿದ. ಕೂದಲೆಳಿಯಂಥ ಬಿರುಕು.

"ಕಾದ ಡ್ರಮ್ಮಿಗೆ ತಣ್ಣೀರು ಯಾರು ಹಾಕಿದ್ರು ಭಾಯ್?"

"ಮಳಿ ನೀರು ಬಿದ್ದಿರಬೇಕ್ರಿ" ಅಂದೆ. ರಾಯಚೂರಿನ ಬ್ಯಾಸಗ್ಯಾಗ ಮಳಿ. ಅಂವ ನಕ್ಕ.

"ಅಲ್ರಿ, ಅದು ಕಾಯೋದರ ಯಾಕ?"

"ಎರಡೂ ಅಂಗೈ ಜೋರಾಗಿ ತಿಕ್ಕು." ತಿಕ್ಕಿದೆ, ಬಿಸಿ ಆತು. "ಗಾಡಿ ನಿಂತ್ರ ಅದರ ಓಟ ಎಲ್ಲಿ ಹೋಗ್ತದ ಅಂತ ತಿಳದೀ? ಇಲ್ಲೇ ತಿಕ್ಕಾಡಿ ಬಿಸಿ ಆಗ್ತದ. ಲೋಡ್ ಹೆಚ್ಚಾದಷ್ಟೂ ಬಿಸಿ ಹೆಚ್ಚು."

ಇಷ್ಟು ವರ್ಷ ಬ್ರೇಕ್ ತುಳಿದೀನಿ, ಓಟ ಎಲ್ಲಿ ಹೋಗ್ತದಂತ ಒಮ್ಮಿನೂ ಕೇಳಿರಲಿಲ್ಲ. ನಮ್ಮ ಬಾಗಿಲ ಮುಂದ ಚುಂಯ್ ಅಂತಿದ್ದದ್ದು ನನ್ನ ಗಾಡಿ ಓಟಾನೇ. ಹೊಸ ಡ್ರಮ್ ಹಾಕಿಸಿಕೊಂಡು ವಾಪಸ್ ಬರೋತನಕ ಒಂದೇ ವಿಚಾರ. ಹೇಳದಿದ್ರ ಇದೂ ಬಿರೀತದ, ಮುಂದಿನ ಸಲ ಆ ಗೇಣುದ್ದನೂ ಉಳಿಯಂಗಿಲ್ಲ. ಹೇಳಿದ್ರ, ತನ್ನ ಕೈಯಾರೆ ಮಗನ ಜೀವಕ್ಕ ಕುತ್ತು ತಂದೆ ಅಂತ ಅಕಿ ಕೊರಗ್ತಾಳ.

ಮರುದಿನ ಲೋಡ್ ತಂದು ನಿಲ್ಲಿಸಿದೆ. ಅವ್ವ ತಂಬಗಿ ಹಿಡಕೊಂಡು ಬಂದಳು. ತಡೆದು, ಎಲ್ಲಾ ಹೇಳಿಬಿಟ್ಟೆ. ಕುರಿಹಿಂಡಿನದೂ ಹೇಳಿದೆ. ಅವ್ವ ಗಾಲಿ ನೋಡಿದಳು, ನನ್ನ ನೋಡಿದಳು.

"ಆ ಬ್ರೇಕ್ ತುಳಿಯೋ ಕಾಲು ಯಾವುದು?"

"ಬಲಗಾಲು."

"ಮುಂದ ಮಾಡು."

ತಂಬಗಿ ನೀರೆಲ್ಲಾ ನನ್ನ ಪಾದಕ್ಕ ಸುರಿದಳು. ಸಪ್ಪಳ ಏನೂ ಬರಲಿಲ್ಲ. ಅಕಿ ಬಗ್ಗಿ ಪಾದ ಹಿಡಿದಳು. ನಾ ಹಿಂದಕ್ಕ ಎಳಕೊಂಡ್ರೂ ಬಿಡಲಿಲ್ಲ.

"ಇನ್ನೂ ಬೆಚ್ಚಗದ" ಅಂದಳು. "ಸಾಕು, ಉಣ್ಣಾಕ ಬಾ."