ಹಲ್ಲು ಕೀಳುವ ಮುಂಚೆ ಕೇಳಿದ ಪ್ರಶ್ನೆ

ಮೂರು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರಿಗೆ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಗಿತ್ತು. ನಾನು ಧಾರವಾಡದವಳು. ತರಕಾರಿ ಚೌಕಾಸಿ ಮಾಡುವಷ್ಟು ತೆಲುಗು ಕಲಿತು, ನನಗೆ ತೆಲುಗು ಬರುತ್ತದೆ ಎಂದು ಮೆರೆಯುತ್ತಿದ್ದೆ. ಆಟೊದವರಿಗೆ ಮಾತ್ರ ರೈಟು, ಲೆಫ್ಟು ಎನ್ನುವುದೇ ರೂಢಿಯಾಗಿತ್ತು.

ಒಂದು ದಿನ ಬಲಗಡೆಯ ದವಡೆ ಹಲ್ಲಿನ ನೋವು ತಡೆಯಲಾರದೆ ಮನೆ ಹತ್ತಿರದ ದವಾಖಾನೆಗೆ ಹೋದೆ. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಕೀಳಲೇಬೇಕು ಎಂದರು. ಬಾಯಿಗೆ ಹತ್ತಿ ತುರುಕಿ, ಸೂಜಿ ಹಿಡಿದು, "ಕುಡಿ ಕದಂಡೀ?" ಎಂದು ಕೇಳಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಏಕಾದಶಿಗೆ ನೀರೂ ಮುಟ್ಟದ ಮನೆತನದ ಹೆಂಗಸಿಗೆ ಕುಡೀತೀಯಾ ಎಂದು ಕೇಳುವುದೇ? ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮತ್ತೆ ಕೇಳಿದರು. ಇನ್ನೂ ಜೋರಾಗಿ ಅಲ್ಲಾಡಿಸಿ ಕಣ್ಣು ಮುಚ್ಚಿಕೊಂಡೆ. ಆ ಸಿಟ್ಟಿನಲ್ಲಿ ಸೂಜಿ ಯಾವ ಕಡೆ ಚುಚ್ಚಿದರೆಂದೂ ಗಮನಿಸಲಿಲ್ಲ.

ಮನೆಗೆ ಬಂದು ಮರಗಟ್ಟಿದ್ದ ಬಾಯಿ ಸರಿಯಾದ ಮೇಲೆ ನೋಡಿಕೊಂಡರೆ, ಬಲಗಡೆಯ ಹುಳುಕು ಹಲ್ಲು ಇದ್ದಲ್ಲೇ ಇದೆ. ಎಡಗಡೆಯ ಗಟ್ಟಿ ಹಲ್ಲು ಮಾಯ. ಫೋನ್ ಮಾಡಿ ಕೇಳಿದರೆ ಡಾಕ್ಟರಮ್ಮ, "ಮೀರೇ ಚೆಪ್ಪಾರು ಕದಾ," ನೀವೇ ತಾನೇ ಹೇಳಿದ್ದು, ಎಂದರು.

"ಬಾಯಾಗ ಹತ್ತಿ ಇಟಗೊಂಡು ನಾ ಏನ ಹೇಳಲಿರೀ? ಆಕೀನ್ನ ಕೋರ್ಟಿಗೆ ಎಳೀತೀನಿ," ಎಂದು ಯಜಮಾನರ ಮುಂದೆ ಕೂಗಾಡಿದೆ.

ಅದೇ ತಿಂಗಳು ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಲವಂಗ ಕಚ್ಚಿಕೊಂಡೇ ಅಲ್ಲಿನ ಒಬ್ಬ ವಕೀಲರ ಹತ್ತಿರ ಹೋದೆ. ಅನಂತಪುರದ ಕಡೆಯ ಹಿರಿಯರು, ಕನ್ನಡ ಬರುತ್ತಿತ್ತು.

"ಡಾಕ್ಟರು ವಹಿಸಬೇಕಾದ ಎಚ್ಚರಿಕೆ ವಹಿಸಲಿಲ್ಲ, ಅದರಿಂದಲೇ ನಷ್ಟ ಆಯ್ತು ಅಂತ ನಾವು ತೋರಿಸಬೇಕಮ್ಮಾ. ಕೀಳೋ ಮುಂಚೆ ಏನಾದರೂ ಕೇಳಿದರಾ?"

"ಕೇಳಿದ್ಲಲ್ಲ, ಅದನ್ನ ಮೊದಲ ಬರಕೊಳ್ರಿ. ಕುಡೀತಿಯೇನಂತ ಎರಡು ಸಲ ಕೇಳಿದ್ಲು."

"ಅವರ ಮಾತಲ್ಲೇ ಹೇಳಿ."

"ಕುಡಿ ಕದಂಡೀ, ಅಂದ್ಲು."

ವಕೀಲರು ಪೆನ್ನು ಕೆಳಗಿಟ್ಟು ಬಲಗೈ ಎತ್ತಿದರು. "ಅಮ್ಮಾ, ತೆಲುಗಿನಲ್ಲಿ ಇದು ಕುಡಿ. ಬಲಗಡೆ ತಾನೇ ಅಂತ ಕೇಳಿದ್ದಾರೆ."

ಯಜಮಾನರು ಕಿಟಕಿ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹಂಗಾರ ನನ್ನ ಕೇಸು ಹೋತೇನ್ರೀ?"

"ಯಾಕೆ ಹೋಗುತ್ತೆ? ಎಕ್ಸ್‌ರೇ ಅವರ ಕೈಯಲ್ಲೇ ಇತ್ತು. ಅದನ್ನ ನೋಡೋದು ಬಿಟ್ಟು, ಹತ್ತಿ ತುಂಬಿದ ಬಾಯಿನ ಕೇಳಿದರೆ ತಪ್ಪು ಅವರದೇ. ನೋಟಿಸ್ ಕಳಿಸೋಣ, ಜಗ್ಗದಿದ್ದರೆ ಗ್ರಾಹಕರ ಆಯೋಗಕ್ಕೆ ಇಲ್ಲೇ ದೂರು ಕೊಡೋಣ."

ಆಯೋಗದವರೆಗೆ ಹೋಗಬೇಕಾಗಲಿಲ್ಲ. ನೋಟಿಸ್ ತಲುಪಿದ ಮೇಲೆ ಡಾಕ್ಟರಮ್ಮ ತಪ್ಪೊಪ್ಪಿಕೊಂಡು, ತಮ್ಮ ಖರ್ಚಿನಲ್ಲೇ ಹೊಸ ಹಲ್ಲು ಕೂರಿಸಿಕೊಟ್ಟರು. ಗೆದ್ದೆ ಎಂದು ಬೀಗಿದೆ.

ಆದರೆ ಹುಳುಕು ಹಲ್ಲು ಇನ್ನೂ ಬಾಯಲ್ಲೇ ಇತ್ತಲ್ಲ. ಅದನ್ನು ಕೀಳಿಸಲು ವಿಜಯವಾಡದ ಡಾಕ್ಟರ ಹತ್ತಿರ ಹೋದಾಗ, ಯಜಮಾನರೂ ಊರಿಂದ ಬಂದಿದ್ದ ಅತ್ತೆಯವರೂ ಜೊತೆಗಿದ್ದರು. ಅತ್ತೆ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರು ಕೇಳಿದರು, "ಕುಡಿ ಕದಂಡೀ?"

ಈ ಸಲ ನಾನು ಬಿಡುತ್ತೇನೆಯೇ? ಹತ್ತಿ ಇಡುವ ಮುಂಚೆಯೇ ಕತ್ತೆತ್ತಿ, "ಹೂಂ, ಕುಡಿ. ಕುಡಿ, ಕುಡಿ," ಎಂದು ಇಡೀ ದವಾಖಾನೆಗೆ ಕೇಳುವಂತೆ ಹೇಳಿದೆ.

ವಾಪಸು ಬರುವಾಗ ಆಟೊದಲ್ಲಿ ಅತ್ತೆ ನನ್ನಿಂದ ದೂರ ಸರಿದು ಕೂತರು. ಮನೆ ಹತ್ತಿರ ಬಂದಾಗ ಮಗನ ಕಡೆ ತಿರುಗಿ ಮೆಲ್ಲಗೆ, "ಯಾವಾಗಿಂದ ಚಾಲೂ ಮಾಡ್ಯಾಳಪಾ ಈಕಿ?" ಎಂದರು. ನನ್ನ ಬಾಯಲ್ಲಿ ಹತ್ತಿ. ಮಗರಾಯರಿಗೆ ನಕ್ಕು ನಕ್ಕು ಮಾತೇ ಹೊರಡಲಿಲ್ಲ.

ಡಾಕ್ಟರಮ್ಮನ ನಿರ್ಲಕ್ಷ್ಯವನ್ನು ಸಾಬೀತು ಮಾಡಿದವಳಿಗೆ ನಾನು ಕುಡಿಯುವುದಿಲ್ಲ ಎಂದು ಸಾಬೀತು ಮಾಡಲು ಇಂದಿಗೂ ಆಗಿಲ್ಲ. ಬೇಸಿಗೆಯಲ್ಲಿ ಒಂದು ಲೋಟ ನಿಂಬೆ ಶರಬತ್ತು ಕುಡಿದರೂ, ಅತ್ತೆ ಲೋಟ ಮೂಸಿ ನೋಡಿಯೇ ತೊಳೆಯಲು ಇಡುತ್ತಾರೆ.