ಹಿಂದಿನ ಮೆಟ್ಟಿಲಿನ ಕೇಬಲ್

ನೇತಾಡುವ ವಸ್ತು ಕಂಡರೆ ನನ್ನ ಗೆಳತಿಗೆ ಆಗುತ್ತಿರಲಿಲ್ಲ. ಅಂಗಿಯ ತೋಳಿನಿಂದ ಎದ್ದ ನೂಲು, ಬಾಗಿಲ ಹಿಂದೆ ಒಂದೇ ಕಿವಿಯಲ್ಲಿ ಜೋತುಬಿದ್ದ ಚೀಲ, ಯಾರೋ ಅರ್ಧಕ್ಕೆ ನಿಲ್ಲಿಸಿದ ಮಾತು, ಯಾವುದನ್ನೂ ಹಾಗೇ ಬಿಡುವವಳಲ್ಲ. ಅವಳ ಕೊನೆಯ ವರ್ಷಗಳ ಕಥೆ ಶುರುವಾದದ್ದೂ ಹೀಗೆ ನೇತಾಡುತ್ತಿದ್ದ ಒಂದು ವೈರಿನಿಂದ.

ಅವಳು ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ನಾನು ಅದೇ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇದ್ದೇನೆ. ಕೆಲಸಕ್ಕೆ ಸೇರಿದ ಹೊಸತರಿಂದಲೂ ನಮ್ಮಿಬ್ಬರ ಊಟದ ಡಬ್ಬಿ ತೆರೆಯುತ್ತಿದ್ದುದು ಒಂದೇ ಬೆಂಚಿನ ಮೇಲೆ. ಆಸ್ಪತ್ರೆಯವರಿಗೆಲ್ಲ ಅವಳು ‘ಹಲೋ ಅಕ್ಕ’. ಅವಳಿಗೆ ನಾನು ‘ಮಾತ್ರೆ’. ಅವಳಿಗೆ ಮದುವೆಯಾಗಿರಲಿಲ್ಲ. ಅಣ್ಣನ ಜೊತೆ ಇದ್ದಳು. ಆತ ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಅಣ್ಣ ತಂಗಿ ಮಾತಿಗೆ ಕೂತರೆ ಬೀದಿಯಲ್ಲಿ ಹೋಗುವವರು ಜಗಳ ಎಂದುಕೊಳ್ಳಬೇಕು, ಹಾಗೆ.

ಆ ದಿನ ಅವಳ ಕೋಣೆಯ ಪಕ್ಕದ ಗೂಡಿನಲ್ಲಿ, ಮಿಣಮಿಣ ದೀಪಗಳ ಒಂದು ಪೆಟ್ಟಿಗೆಯಿಂದ ವೈರೊಂದು ಇಳಿಬಿದ್ದಿತ್ತು. ಪೆಟ್ಟಿಗೆಯಲ್ಲಿ ಒಂದು ತೂತು ಖಾಲಿ ಇತ್ತು. ಪಾಪ, ಬಿಚ್ಚಿಹೋಗಿದೆ ಎಂದು ಇವಳು ವೈರಿನ ತುದಿಯನ್ನು ಅದರಲ್ಲಿ ಚುಚ್ಚಿ, ಕೈ ಒರೆಸಿಕೊಂಡು ಬಂದು ಕೂತಳು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಕಲ್ಲಾದವು. ಲ್ಯಾಬಿನ ವರದಿ ವಾರ್ಡಿಗೆ ಬರಲಿಲ್ಲ, ವಾರ್ಡಿನ ಚೀಟಿ ನನ್ನ ಕೌಂಟರಿಗೆ ಬರಲಿಲ್ಲ. ನರ್ಸುಗಳು ಕಾಗದ ಹಿಡಿದು ಮೆಟ್ಟಿಲು ಹತ್ತಿ ಇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ನಾನು ಪ್ರಿಂಟರಿನ ತಲೆಯ ಮೇಲೆ ನಾಲ್ಕು ಬಿಟ್ಟೆ.

ನೆಟ್‌ವರ್ಕ್ ನೋಡಿಕೊಳ್ಳುವವರನ್ನು ನಾವೆಲ್ಲ ‘ಮೇಷ್ಟ್ರು’ ಎನ್ನುತ್ತಿದ್ದೆವು. ಏನು ಕೇಳಿದರೂ ಪಾಠ ಶುರುಮಾಡುತ್ತಿದ್ದ ಮನುಷ್ಯ. ಅವರು ಮಹಡಿ ಮಹಡಿ ಹುಡುಕಿ, ಬೆವರಿಳಿಸುತ್ತ ಗೂಡಿನ ಮುಂದೆ ಬಂದು ನಿಂತರು.

“ಇದನ್ನ ಯಾರು ಚುಚ್ಚಿದ್ದು?”

“ನಾನೇ. ನೇತಾಡ್ತಿತ್ತು.”

“ಅಕ್ಕಾ, ಇದರ ಇನ್ನೊಂದು ತುದಿ ಎಲ್ಲಿದೆ ಅಂತ ನೋಡಿದ್ರಾ?”

ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯಲ್ಲಿತ್ತು. ಆ ಪೆಟ್ಟಿಗೆಯ ಹೆಸರು ಸ್ವಿಚ್. ಒಂದು ಕಂಪ್ಯೂಟರ್ “ಇಂಥವರು ಎಲ್ಲಿದ್ದೀರಿ?” ಎಂದು ಕೂಗಿದರೆ ಸ್ವಿಚ್ ಆ ಕೂಗನ್ನು ಎಲ್ಲ ತೂತುಗಳಿಗೂ ಹಂಚುತ್ತದೆ. ಒಂದು ತೂತಿನಿಂದ ಹೊರಟ ಕೂಗು ಆ ವೈರಿನಲ್ಲಿ ಸುತ್ತಿ ಇನ್ನೊಂದರಿಂದ ಒಳಗೆ ಬಂತು. ಹೊಸ ಕೂಗು ಎಂದುಕೊಂಡು ಸ್ವಿಚ್ ಅದನ್ನು ಮತ್ತೆ ಹಂಚಿತು. ಕೂಗು ಕೂಗನ್ನು ಹಡೆದು, ಕೊನೆಗೆ ಯಾರ ಮಾತೂ ಯಾರಿಗೂ ಕೇಳದ ಹಾಗಾಯಿತು. ಇದು ಆಗದಂತೆ ತಡೆಯುವ ಏರ್ಪಾಡು ಸ್ವಿಚ್ಚುಗಳಲ್ಲಿ ಇರುತ್ತದಂತೆ. ಆ ಹಳೆಯ ಪೆಟ್ಟಿಗೆಯಲ್ಲಿ ಅದನ್ನು ಯಾರೋ ಆಫ್ ಮಾಡಿಟ್ಟಿದ್ದರು.

ಬೇರೆ ಯಾರಾದರೂ ಆಗಿದ್ದರೆ ಇನ್ನು ಆ ಗೂಡಿನ ಕಡೆ ತಲೆಹಾಕಿ ಮಲಗುತ್ತಿರಲಿಲ್ಲ. ಇವಳು ಮಾರನೆಯ ದಿನ ಡಬ್ಬಿ ತೆರೆಯುವ ಮೊದಲೇ ಕೇಳಿದಳು: “ಏ ಮಾತ್ರೆ, ಇಷ್ಟು ವರ್ಷ ನಾನು ಲೈನ್ ಜೋಡಿಸಿದ್ದೀನಿ. ಯಾವ ಲೈನೂ ನನ್ನನ್ನ ಹೀಗೆ ಬೆಪ್ಪು ಮಾಡಿರಲಿಲ್ಲ. ಇದನ್ನ ಕಲಿಯೋದು ಹೇಗೆ?”

ಕಲಿಯಲು ಇನ್ನೊಂದು ಕಾರಣವೂ ಇತ್ತು. ಅವಳ ಟೆಲಿಫೋನ್ ಬೋರ್ಡನ್ನು ಆಸ್ಪತ್ರೆ ತೆಗೆದುಹಾಕುವುದರಲ್ಲಿತ್ತು. ಆಮೇಲೆ ಅವಳು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಹೋಗಬೇಕು. ನೆಟ್‌ವರ್ಕ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಂದರೆ ಮೇಷ್ಟ್ರ ಕೋಣೆಯಲ್ಲಿ ಜಾಗ ಕೊಡುತ್ತೇವೆ ಎಂದು ಆಡಳಿತದವರು ಹೇಳಿದ್ದರು. ಪಾಸಾಗಲಾರಳು ಎಂಬ ಧೈರ್ಯದಿಂದ ಹೇಳಿದ್ದರು ಎಂದೇ ನನ್ನ ಅನುಮಾನ. ದಿನವಿಡೀ ಜನರ ದನಿ ಕೇಳಿಕೊಂಡು ಬದುಕಿದವಳಿಗೆ ಆ ಕೋಣೆ ಎಂದರೆ ಜೀವ ಇರುವಾಗಲೇ ಹೂತ ಹಾಗೆ. “ಅಲ್ಲಿ ಮಾತಾಡೋಕೆ ಜಿರಳೆ ಬಿಟ್ಟು ಯಾರಿದಾರೆ?” ಎನ್ನುತ್ತಿದ್ದಳು.

ಅಲ್ಲಿಂದ ನಮ್ಮ ಊಟದ ಬೆಂಚು ಶಾಲೆಯಾಯಿತು. ಅವಳು ತಂದ ದಪ್ಪ ಪುಸ್ತಕದಿಂದ ನಾನು ಪ್ರಶ್ನೆ ಕೇಳಬೇಕು, ಅವಳು ಉತ್ತರಿಸಬೇಕು. ನನಗೆ ಪ್ರಶ್ನೆಯೂ ಅರ್ಥವಾಗುತ್ತಿರಲಿಲ್ಲ, ಉತ್ತರವೂ ಅರ್ಥವಾಗುತ್ತಿರಲಿಲ್ಲ.

“ಒಂದು ಯಂತ್ರಕ್ಕೆ ಎರಡು ವಿಳಾಸ ಯಾಕೆ ಬೇಕೇ?” ಎಂದೆ ಒಮ್ಮೆ.

“ಮ್ಯಾಕ್ ವಿಳಾಸ ಅಂದ್ರೆ ಹುಟ್ಟುಮಚ್ಚೆ. ಎಲ್ಲಿ ಹೋದ್ರೂ ಜೊತೇಲೇ ಬರುತ್ತೆ. ಐಪಿ ವಿಳಾಸ ಅಂದ್ರೆ ಬಾಡಿಗೆ ಮನೆ. ಜಾಗ ಬದಲಾದ್ರೆ ಅದೂ ಬದಲು. ನಿನ್ನ ಮಚ್ಚೆ ನೋಡಿ ಅಂಚೆಯವನು ಕಾಗದ ತಂದ್ಕೊಡ್ತಾನಾ?”

ಮನೆಯಲ್ಲಿ ಅಣ್ಣನೇ ವಿದ್ಯಾರ್ಥಿ, ಅಣ್ಣನೇ ಪರೀಕ್ಷಕ. ಹಳೆಯ ಸಾಮಾನಿನ ಅಂಗಡಿಯಿಂದ ಅವಳು ಒಂದು ಸ್ವಿಚ್ಚನ್ನೂ ಒಂದು ರೂಟರನ್ನೂ ತಂದು ಊಟದ ಮೇಜಿನ ಮೇಲೆ ಹೂಡಿದ್ದರಿಂದ ಆತ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣಬೇಕಾಗಿತ್ತು. ಒಂದು ಭಾನುವಾರ ನಾನು ಹೋದಾಗ ರೂಟರಿನ ಪಾಠ ನಡೆದಿತ್ತು.

“ಪೂರ್ತಿ ದಾರಿ ಅದಕ್ಕೆ ಗೊತ್ತಿರಬೇಕಾಗಿಲ್ಲ ಅಣ್ಣ. ಮುಂದಿನ ನಿಲ್ದಾಣ ಯಾವುದು ಅಂತ ಗೊತ್ತಿದ್ರೆ ಸಾಕು, ಅಲ್ಲಿಗೆ ದಾಟಿಸಿಬಿಡುತ್ತೆ.”

“ಹಾಗಾದ್ರೆ ನಮ್ಮ ಕಂಡಕ್ಟರಿಗೂ ಅದಕ್ಕೂ ಏನೇ ವ್ಯತ್ಯಾಸ?”

“ನಿಮ್ಮ ಕಂಡಕ್ಟರ್ ಚಿಲ್ಲರೆ ಕೊಡಲ್ಲ. ಇದು ಚಿಲ್ಲರೆ ಕೇಳಲ್ಲ.”

ಆದರೆ ಒಂದು ಪಾಠದಲ್ಲಿ ಮಾತ್ರ ಅವಳು ಮೊಂಡು ಬಿದ್ದಳು. ಎರಡು ಸ್ವಿಚ್ಚುಗಳ ನಡುವೆ ಎರಡು ಕೇಬಲ್ ಇರುವ ಚಿತ್ರ ಬಂದರೆ ಸಾಕು, “ಒಂದನ್ನ ಕಿತ್ತುಹಾಕು” ಎನ್ನುತ್ತಿದ್ದಳು. ಹಾವು ಕಡಿದವಳಿಗೆ ಹಗ್ಗ ಕಂಡರೂ ಭಯ. ಎರಡನೆಯ ಕೇಬಲ್ ಇರಲಿ, ಸ್ವಿಚ್ಚೇ ಅದನ್ನು ಮುಚ್ಚಿಟ್ಟುಕೊಂಡು ಬೇಕಾದಾಗ ತೆರೆಯುತ್ತದೆ ಎಂದು ಪುಸ್ತಕದಲ್ಲಿತ್ತು. ಅವಳು ಅದನ್ನು ಬಾಯಿಪಾಠ ಮಾಡಿದಳು, ನಂಬಲಿಲ್ಲ.

ಮೊದಲ ಪರೀಕ್ಷೆಗೆ ನಾನೂ ಜೊತೆಗೆ ಹೋದೆ. ಮೂರನೆಯ ಮಹಡಿಯಲ್ಲಿ ಒಂದು ಕೇಂದ್ರ. ಫೋನು, ಗಡಿಯಾರ, ಕೊನೆಗೆ ಕರವಸ್ತ್ರವನ್ನೂ ತೆಗೆದಿರಿಸಿ ಒಳಗೆ ಕಳಿಸಿದರು. ಗಾಜಿನ ಆಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಬೋರ್ಡಿನ ಮುಂದೆ ಕೂತಾಗಿನಷ್ಟೇ ನೆಟ್ಟಗೆ. ಹೊರಗೆ ಬಂದಾಗ ಮುಖ ಸಪ್ಪಗಿತ್ತು.

“ಕಷ್ಟದ ಪ್ರಶ್ನೆ ಬಂದಾಗೆಲ್ಲ ‘ಒಂದು ನಿಮಿಷ ಲೈನ್‌ನಲ್ಲಿರಿ’ ಅಂತ ಮನಸ್ಸಲ್ಲೇ ಹೇಳಿ ಮುಂದಕ್ಕೆ ಒತ್ತಿದೆ ಕಣೇ. ಆಮೇಲೆ ಬರೋಣ ಅಂತ. ಕೊನೆಗೆ ನೋಡಿದ್ರೆ ವಾಪಸ್ ಹೋಗೋ ಗುಂಡಿನೇ ಇಲ್ಲ. ಎಲ್ಲರೂ ಫೋನ್ ಇಟ್ಟು ಹೋಗಿದ್ರು.”

“ಶುರುವಲ್ಲಿ ಹೇಳಿರಲಿಲ್ವಾ?”

“ಬರೆದಿತ್ತಂತೆ. ಅದನ್ನೆಲ್ಲ ಯಾರು ಓದ್ತಾರೆ?”

ಬದುಕಿಡೀ ಜನರನ್ನು ಲೈನಿನಲ್ಲಿ ಕಾಯಿಸಿ, ಒಬ್ಬರನ್ನೂ ಮರೆಯದೆ ಮತ್ತೆ ಅವರ ಬಳಿಗೆ ಹೋದವಳು ಮಾಡಬಹುದಾದ ತಪ್ಪು ಅದು. ಅಣ್ಣ ಮಾತ್ರ ಬಿಡಲಿಲ್ಲ. “ದಾಟಿ ಹೋದ ನಿಲ್ದಾಣಕ್ಕೆ ಬಸ್ಸು ರಿವರ್ಸ್ ಬರಲ್ಲ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?”

ಬೋರ್ಡು ಹೋಯಿತು. ಅವಳು ನೆಲಮಾಳಿಗೆಗೆ ಇಳಿದಳು. ಊಟದ ಹೊತ್ತಿಗೆ ಮೇಲೆ ಬಂದಾಗ ಕೂದಲ ಮೇಲೆ ಕಾಗದದ ಧೂಳು. ಬೇಗ ದಣಿಯುತ್ತಿದ್ದಳು, ಧೂಳಿಗೆ ಇರಬೇಕು ಎಂದುಕೊಂಡೆವು. ಧೂಳಿಗಲ್ಲ ಎಂಬುದು ನನಗೆ ತಿಳಿದದ್ದು ಒಂದು ಬೆಳಿಗ್ಗೆ, ನನ್ನ ಕೌಂಟರಿನ ಪರದೆಯ ಮೇಲೆ ಅವಳ ಹೆಸರಿನ ಔಷಧಿ ಚೀಟಿ ಬಂದಾಗ. ಆ ಔಷಧಿ ಯಾವ ಕಾಯಿಲೆಗೆ ಕೊಡುತ್ತಾರೆ ಎಂದು ಓದಿ ತಿಳಿಯಬೇಕಾದವಳಲ್ಲ ನಾನು. ರಕ್ತದ ಕಾಯಿಲೆ. ತಲೆಯೆತ್ತಿದರೆ ಅವಳೇ ಕೌಂಟರಿನ ಮುಂದೆ ನಿಂತಿದ್ದಳು.

“ಚೀಟಿ ಬಂತಾ?”

“ಬಂತು.”

“ನಾನು ಮೆಟ್ಟಿಲು ಇಳಿಯೋ ಮೊದಲೇ ಬಂದುಬಿಡ್ತಲ್ಲೇ. ಮೇಷ್ಟ್ರು ನೆಟ್‌ವರ್ಕ್ ಚೆನ್ನಾಗಿಟ್ಟಿದಾರೆ.”

ಅವತ್ತು ಇಬ್ಬರ ಡಬ್ಬಿಯೂ ಹಾಗೇ ಮನೆಗೆ ಹೋಯಿತು.

ಇನ್ನು ಈ ಪರೀಕ್ಷೆ ಗಿರೀಕ್ಷೆ ಸಾಕು ಎಂದು ನಾನು ಹೇಳಿದ್ದುಂಟು. “ಸುಮ್ನೆ ಕೂತ್ರೆ ವಾಸಿಯಾಗುತ್ತಾ? ಹಾಗಿದ್ರೆ ಹೇಳು, ಕೂರ್ತೀನಿ” ಎಂದಳು. ನಾನೇ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ.

ಎರಡನೆಯ ಸಲದ ಓದು ಮಂಚದ ಮೇಲೆ ನಡೆಯಿತು. ಅದೇ ಎರಡು ಕೇಬಲ್‌ನ ಚಿತ್ರ ಬಂತು, ಅವಳು ಅದೇ “ಕಿತ್ತುಹಾಕು” ಎಂದಳು. ತರಕಾರಿ ಹೆಚ್ಚುತ್ತಿದ್ದ ಅಣ್ಣ ಚಾಕು ಕೆಳಗಿಟ್ಟರು.

“ಸೇತುವೆ ಕುಸಿದ ವರ್ಷ ನಾನು ಬಸ್ಸನ್ನ ಹೇಗೆ ತಂದೆ, ನೆನಪಿದೆಯಾ?”

“ಹಳೇ ಕೆರೆ ಏರಿ ಮೇಲೆ.”

“ದಿನಾ ಆ ದಾರೀಲಿ ಓಡಿಸ್ತಿದ್ನಾ?”

“ಇಲ್ಲ.”

“ಓಡಿಸಲ್ಲ ಅಂತ ಯಾರಾದ್ರೂ ಆ ಏರೀನ ಅಗೆದು ಹಾಕಿದ್ರೆ ಅವತ್ತು ನಲವತ್ತು ಜನ ನನ್ನ ತಲೆ ಮೇಲೆ ಕೂತಿರ್ತಿದ್ರು. ದಾರಿ ಎರಡಿರೋದು ತಪ್ಪಲ್ಲ ಕಣೇ. ಎರಡರಲ್ಲೂ ಒಟ್ಟಿಗೆ ಓಡಿಸೋದು ತಪ್ಪು.”

ಅವಳು ಪುಸ್ತಕ ಎಳೆದುಕೊಂಡು ಚಿತ್ರದ ಎರಡನೆಯ ಕೇಬಲ್ ಮೇಲೆ ಬೆರಳಾಡಿಸಿದಳು. ಆಮೇಲೆ, “ಇದನ್ನ ಮೊದಲೇ ಹೇಳೋಕೆ ನಿಂಗೇನು ಬಾಯಿಗೆ ಬೀಗ ಹಾಕಿತ್ತಾ?” ಎಂದು ಅಣ್ಣನ ಮೇಲೆಯೇ ಹರಿಹಾಯ್ದಳು.

ಎರಡನೆಯ ಸಲ ಅವಳು ಯಾರನ್ನೂ ಲೈನಿನಲ್ಲಿ ಕಾಯಿಸಲಿಲ್ಲ. ಪಾಸಾದಳು. ತಲೆಗೆ ಬಟ್ಟೆ ಸುತ್ತಿಕೊಂಡು, ಸರ್ಟಿಫಿಕೇಟನ್ನು ಆಡಳಿತದವರ ಮೇಜಿನ ಮೇಲಿಟ್ಟಳು. ಕೊಟ್ಟ ಮಾತು ತಪ್ಪಿಸಿಕೊಳ್ಳಲು ಅವರಿಗೆ ದಾರಿ ಇರಲಿಲ್ಲ. ಮೇಷ್ಟ್ರ ಕೋಣೆಯಲ್ಲಿ ಅವಳಿಗೊಂದು ಕುರ್ಚಿ ಬಂತು.

ಕೂತ ಮೊದಲ ವಾರವೇ ಅವಳು ಹುಡುಕಿದ್ದು ಲ್ಯಾಬಿಗೆ ಹೋಗುವ ಕೇಬಲ್ ಎಷ್ಟಿವೆ ಎಂದು. ಒಂದೇ ಇತ್ತು, ಮುಂಬಾಗಿಲ ಮೆಟ್ಟಿಲಿನ ಗೋಡೆಗುಂಟ. ಇನ್ನೊಂದು ಹಾಕೋಣ ಎಂದಳು. “ಇರೋದು ಚೆನ್ನಾಗೇ ಇದೆಯಲ್ಲಮ್ಮ” ಎಂದರು ಆಡಳಿತದವರು. ಗೋಡೆ ಕೊರೆಯಬೇಕು, ಬಣ್ಣ ಹಾಳು, ಧೂಳು, ಒಂದಲ್ಲ ಒಂದು ನೆಪ.

“ಹಿಂದಿನ ಮೆಟ್ಟಿಲಲ್ಲಿ ನನ್ನ ಟೆಲಿಫೋನ್ ಲೈನ್ ಹೋಗ್ತಿದ್ದ ಪೈಪ್ ಖಾಲಿ ಬಿದ್ದಿದೆ” ಎಂದಳು ಅವಳು. “ಕೊರೆಯೋದೇ ಬೇಡ.”

“ಎರಡೂ ಕೇಬಲ್ ಮುಂಬಾಗಿಲ ಮೆಟ್ಟಿಲಲ್ಲೇ ಹೋದ್ರೆ ಒಂದೇ ದೋಣಿ ಹತ್ತಿದ ಹಾಗೆ, ಮುಳುಗಿದ್ರೆ ಎರಡೂ ಮುಳುಗ್ತವೆ. ಅಕ್ಕ ಹೇಳೋದೇ ಸರಿ” ಎಂದು ಮೇಷ್ಟ್ರೂ ದನಿ ಸೇರಿಸಿ ಸಹಿ ಮಾಡಿಸಿಕೊಂಡರು.

ಕೇಬಲ್ ಎಳೆದ ದಿನ ಅವಳು ಹಿಂದಿನ ಮೆಟ್ಟಿಲಿನ ಮೇಲೆಯೇ ಕೂತಿದ್ದಳು, ಹತ್ತಿ ಇಳಿಯುವ ಶಕ್ತಿ ಇರಲಿಲ್ಲ. ಕೆಳಗಿನವರಿಗೆ “ಬಿಡಿ”, ಮೇಲಿನವರಿಗೆ “ಎಳೀರಿ” ಎಂದು ಕೂಗುತ್ತಿದ್ದಳು. ಎಷ್ಟೋ ದಿನದ ಮೇಲೆ ಆ ಹಳೆಯ ಆಪರೇಟರ್ ದನಿ ಕಟ್ಟಡದಲ್ಲಿ ಕೇಳಿಸಿತು. ಸಂಜೆ ಎರಡೂ ತುದಿ ಚುಚ್ಚಿದರು. ಹೊಸ ತೂತಿನ ದೀಪ ಹಳದಿಯಾಗಿ ನಿಂತಿತು. ಅದು ಮುಚ್ಚಿದೆ, ಕಾಯುತ್ತಿದೆ ಎಂದು ಅರ್ಥ.

“ಇನ್ನು ಇದನ್ನ ಎಲ್ಲರೂ ಮರೀತಾರೆ” ಎಂದಳು ನನಗೆ. “ಕೆಟ್ರೆ ಬೈತಾರೆ. ಚೆನ್ನಾಗಿದ್ರೆ ನಾವಿದ್ದೀವಿ ಅಂತಾನೂ ಗೊತ್ತಿರಲ್ಲ. ಇದೆಂಥ ಕೆಲಸಾನೇ ಮಾತ್ರೆ!”

ಬೇಸರದಿಂದ ಹೇಳಿದ್ದಲ್ಲ. ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅವಳು ಆ ಕುರ್ಚಿಯಲ್ಲಿ ಕೂತದ್ದು ಒಂದು ವರ್ಷವೂ ಅಲ್ಲ. ಹೋದದ್ದು ನಮ್ಮದೇ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ, ನಾನೂ ಅಣ್ಣನೂ ಪಕ್ಕದಲ್ಲಿದ್ದಾಗ. ಓದಿದ ಪುಸ್ತಕಗಳಲ್ಲಿ ಸಾವಿನ ಬಗ್ಗೆ ಎಷ್ಟೋ ಒಳ್ಳೆಯ ಮಾತುಗಳಿವೆ. ಊಟದ ಬೆಂಚಿನ ಮೇಲೆ ಒಬ್ಬಳೇ ಕೂತಾಗ ಅವುಗಳಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ತೆರೆದುಕೊಡುವವರಿಲ್ಲ ಎಂಬುದಷ್ಟೇ ಗೊತ್ತಾಗುತ್ತದೆ.

ಕಳೆದ ವಾರ ಮೇಷ್ಟ್ರು ನನ್ನ ಕೌಂಟರಿಗೆ ಬಂದರು. ಮೈಯೆಲ್ಲ ಸಿಮೆಂಟಿನ ಪುಡಿ. ಕೈಯಲ್ಲಿ ತುಂಡಾದ ಕೇಬಲ್.

“ಮುಂಬಾಗಿಲ ಮೆಟ್ಟಿಲಲ್ಲಿ ನಲ್ಲಿ ಕೆಲಸದವರು ಗೋಡೆ ಕೊರೆಯುವಾಗ ಲ್ಯಾಬಿನ ಕೇಬಲ್ ಕತ್ತರಿಸಿಹಾಕಿದಾರೆ.”

“ಯಾವಾಗ?”

“ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೇ.”

ನಾನು ಪರದೆಯ ಕಡೆ ನೋಡಿದೆ. ಬೆಳಗಿನಿಂದ ಒಂದರ ಹಿಂದೆ ಒಂದು ಚೀಟಿ ಬಂದಿದ್ದವು, ಲ್ಯಾಬಿನ ವರದಿ ನೋಡಿಯೇ ಬರೆದ ಚೀಟಿಗಳು. ಯಾವುದೋ ಒಂದು ಹೊತ್ತಿನಲ್ಲಿ ಪರದೆ ಒಮ್ಮೆ ರೆಪ್ಪೆ ಬಡಿದ ಹಾಗಾಗಿತ್ತು. ನನ್ನ ಕಣ್ಣೇ ದಣಿದಿದೆ ಎಂದುಕೊಂಡಿದ್ದೆ. ನರ್ಸುಗಳು ಮೆಟ್ಟಿಲು ಹತ್ತಿ ಓಡಿರಲಿಲ್ಲ. ಪ್ರಿಂಟರನ್ನು ಯಾರೂ ಬಡಿದಿರಲಿಲ್ಲ.

ಮೇಷ್ಟ್ರು ಪಾಠ ಮಾಡಲಿಲ್ಲ. ಆ ತುಂಡನ್ನು ನನ್ನ ಕೌಂಟರಿನ ಮೇಲಿಟ್ಟು ಹೋದರು.

ಸಂಜೆ ಅದನ್ನು ತೆಗೆದುಕೊಂಡು ಅಣ್ಣನ ಮನೆಗೆ ಹೋದೆ. ಆತ ಅದನ್ನು ಬೆಳಕಿಗೆ ಹಿಡಿದು, ಬಸ್ಸಿನ ಕೆಟ್ಟ ಭಾಗ ನೋಡುವ ಹಾಗೆ ನೋಡಿದರು.

“ಎಷ್ಟು ಹೊತ್ತು ನಿಂತಿತ್ತು?”

“ನಿಲ್ಲಲೇ ಇಲ್ಲ ಅಣ್ಣ. ಹಿಂದಿನ ಮೆಟ್ಟಿಲಿನದು ತಾನೇ ತೆರೆದುಕೊಂಡಿತು.”

“ಅಂದ್ರೆ ಯಾರಿಗೂ ಗೊತ್ತಾಗ್ಲೇ ಇಲ್ಲ.”

“ಇಲ್ಲ.”

“ಕೇಳಿದ್ರೆ ಕುಣಿದಾಡಿಬಿಡೋಳು” ಎಂದರು. ಹೇಳಿ ಮುಖ ಆಚೆ ತಿರುಗಿಸಿಕೊಂಡರು.

ಊಟದ ಮೇಜಿನ ಮೇಲೆ ಅವಳ ಸ್ವಿಚ್ಚು ಇನ್ನೂ ಮಿಣಮಿಣ ಎನ್ನುತ್ತಿತ್ತು. ಆತ ಅದನ್ನು ಆರಿಸಿರಲಿಲ್ಲ. ತಟ್ಟೆ ಈಗಲೂ ತೊಡೆಯ ಮೇಲೆಯೇ ಇರಬೇಕು. ಸ್ವಿಚ್ಚಿನಿಂದ ಒಂದು ವೈರು ಮೇಜಿನ ಅಂಚಿಗೆ ನೇತಾಡುತ್ತಿತ್ತು. ಏನೋ ತೋಚದೆ, ಅದನ್ನು ಸರಿಮಾಡೋಣ ಎಂದು ಕೈ ಚಾಚಿದೆ.

“ಏ, ತಡಿಯಮ್ಮ” ಎಂದರು ಅಣ್ಣ. “ಇನ್ನೊಂದು ತುದಿ ಎಲ್ಲಿದೆ ನೋಡು ಮೊದಲು.”

ನಾನು ಬಗ್ಗಿ ನೋಡಿದೆ.