ಖಾಲಿ ಬಂಡೆ

ಅಜ್ಜಿಯ ಅಂಗಾಲಿನ ಬಿರುಕಿನಲ್ಲಿ ಜೋಳದ ಕಾಳು ಸಿಕ್ಕಿಕೊಂಡರೆ ಬೀಳುತ್ತಿರಲಿಲ್ಲ. ಆ ಬರಿಗಾಲಲ್ಲೇ, ಕಾದ ಬಂಡೆಯ ಮೇಲೆ ಸೊಂಟ ಬಗ್ಗಿಸಿ ಅವಳು ಗುಡ್ಡ ಗುಡಿಸುತ್ತಿದ್ದಳು. ಹೌದು, ಗುಡ್ಡವನ್ನೇ. ಯಾರಾದರೂ ಚೇಷ್ಟೆ ಮಾಡಿದರೆ, “ನಿಮ್ಮನೆ ಅಂಗಳ ನೀವು ಗುಡಿಸ್ಕಳ್ರಿ, ನಂದು ನಾನು ಗುಡಿಸ್ಕಂತೀನಿ” ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುವೆ, ವಾಸ್ತುಶಿಲ್ಪದ ಓದಿನ ಕೊನೆಯ ವರ್ಷದ ಮೂರು ತಿಂಗಳ ತರಬೇತಿಗೆಂದು ನಾನು ರಾಮಗಿರಿ ಸ್ಟೇಷನ್ನಿನಲ್ಲಿ ಇಳಿದು ಆ ಗುಡ್ಡದ ಕೆಳಗಿನ ಹಟ್ಟಿಗೆ ಹೋಗಿದ್ದೆ. ಪಾಳೇಗಾರರ ಕಾಲದ ಮುರುಕು ಕೋಟೆ, ಗುಡ್ಡ, ಕೆಳಗಿನ ಹೊಂಡ, ಇಷ್ಟನ್ನೂ ಅಳೆದು ನಕ್ಷೆ ಬರೆಯುವುದು ನನ್ನ ಕೆಲಸ. ಯಾವುದನ್ನು ಉಳಿಸಬೇಕು, ಯಾವುದನ್ನು ಕಲ್ಲಿನ ಗುತ್ತಿಗೆಗೆ ಬಿಡಬಹುದು ಎಂದು ಚಿತ್ರದುರ್ಗದ ಸರ್ಕಾರಿ ಕಚೇರಿಯವರು ಆ ನಕ್ಷೆ ನೋಡಿ ತೀರ್ಮಾನಿಸುತ್ತಿದ್ದರು. ಉಳಿದುಕೊಂಡದ್ದು, ನನಗೆ ನಂಟೇನೂ ಅಲ್ಲದ ಈ ಅಜ್ಜಿಯ ಪಡಸಾಲೆಯಲ್ಲಿ. ಕರಾವಳಿಯವನಾದ ನಾನು ಮುದ್ದೆಯನ್ನು ಅಗಿದು ತಿನ್ನುವುದನ್ನು ಕಂಡು ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಅವಳು ಗುಡಿಸುತ್ತಿದ್ದ ಇಳಿಜಾರಿನಲ್ಲಿ ಉಳಿಯಿಂದ ಕಡಿದ ಸಣ್ಣ ಗೆರೆಗಳಿದ್ದವು. ಕಸ ಕಟ್ಟದಿದ್ದರೆ ಮಳೆನೀರು ಅವನ್ನು ಹಿಡಿದು ಹೊಂಡಕ್ಕೆ ಇಳಿಯುತ್ತಿತ್ತು. ಇಡೀ ಹಟ್ಟಿ ಕುಡಿಯುತ್ತಿದ್ದುದು ಆ ನೀರನ್ನೇ. ಕೈ ಹಿಡಿದು ತೋರಿಸಿದ್ದಳು. ಆದರೆ ನನ್ನ ಓದಿನಲ್ಲಿ ಗೋಡೆ, ಬಾಗಿಲು, ಬುರುಜುಗಳಿಗಷ್ಟೇ ಜಾಗ.

ನಕ್ಷೆ ಮುಗಿದ ದಿನ, ಓದು ಬಾರದ ಅಜ್ಜಿ ಕೋಟೆಗೂ ಹೊಂಡಕ್ಕೂ ನಡುವೆ ಬೆರಳಿಟ್ಟಳು.

“ಇಲ್ಲೇನು ಬರ್ದಿದೀಯ ಮಗ?”

“ಖಾಲಿ ಬಂಡೆ ಅಂತ ಅಜ್ಜಿ.”

“ಖಾಲಿ ಅನ್ಬ್ಯಾಡ. ಖಾಲಿ ಅಂದ್ರೆ ಯಾರಾದ್ರೂ ಬಂದು ಕುಂತ್ಕಂತಾರೆ. ನೀರಿನ ದಾರಿ ಅಂತ ಬರಿ.”

ಶಾಯಿಯಲ್ಲಿ ಬರೆದಾಗಿತ್ತು. ತಿದ್ದಬೇಕೆಂದರೆ ಇಡೀ ಹಾಳೆಯನ್ನೇ ಮತ್ತೆ ಬರೆಯಬೇಕು, ವಾರದ ಕೆಲಸ. ಸೋಮಾರಿತನ. ಮರುದಿನ ನಕ್ಷೆಯನ್ನು ಹಾಗೆಯೇ ಕಚೇರಿಗೆ ಕಳಿಸಿ, “ತಿದ್ದಿದೆ ಅಜ್ಜಿ” ಎಂದುಬಿಟ್ಟೆ. ಅವತ್ತು ಅವಳು ನನ್ನ ಮುದ್ದೆಗೆ ತುಪ್ಪ ಹಾಕಿದಳು.

ತರಬೇತಿ ಮುಗಿಯುವ ವಾರ ಕಲ್ಲಿನ ಗುತ್ತಿಗೆದಾರನ ಲಾರಿ ಬಂತು. ಆಳುಗಳು ಸಿಡಿಮದ್ದು ತುಂಬಲು ಬಂಡೆಗೆ ಕುಳಿ ಹೊಡೆಯತೊಡಗಿದರು. ಅಜ್ಜಿ ಪೊರಕೆ ಹಿಡಿದೇ ಅಡ್ಡ ನಿಂತಳು.

“ನಕ್ಷೆ ತೆಗೀರಿ! ಅದ್ರಾಗೆ ನೀರಿನ ದಾರಿ ಅಂತ ಐತೆ!”

ಗುತ್ತಿಗೆದಾರ ಮಡಚಿದ ನಕ್ಷೆ ಬಿಚ್ಚಿದ. ಕಚೇರಿಯ ಮೊಹರು, ನನ್ನ ದುಂಡು ಅಕ್ಷರ. “ಖಾಲಿ ಬಂಡೆ ಅಂತ ಐತೆ ಕಣಜ್ಜಿ” ಎಂದು ಎಲ್ಲರಿಗೂ ಕೇಳುವಂತೆ ಓದಿದ.

ಅಜ್ಜಿ ನನ್ನ ಕಡೆ ತಿರುಗಲೂ ಇಲ್ಲ. “ನಮ್ಮ ಹುಡುಗ ತಿದ್ದಿದ್ದ. ನೀವೇ ಅಳಿಸಿದೀರಿ!” ಎಂದು ಕೂಗಿದಳು. ನಾನು ಗುಂಪಿನ ಹಿಂದಕ್ಕೆ ಸರಿದೆ.

ಸಿಕ್ಕ ಬಸ್ಸು ಹತ್ತಿ ಚಿತ್ರದುರ್ಗದ ಕಚೇರಿಗೆ ಓಡಿದೆ. ಸಾಹೇಬರ ಕಾಲಿಗೆ ಬೀಳುವುದೊಂದು ಬಾಕಿ. “ಬರೆದೋನು ನೀನೇ ಅಲ್ವೇನಯ್ಯ? ಹೊಸ ನಕ್ಷೆ ತಗಂಬಾ, ನೋಡಾಣ” ಎಂದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹಾಳೆ ಹಾಸಿ ಬರೆಯಲು ಕೂತೆ. ಬೆಳಗಾದರೂ ಕೋಟೆಯ ಗೋಡೆಯೇ ಮುಗಿದಿರಲಿಲ್ಲ.

ಮರುದಿನ ಹಿಂತಿರುಗುವಷ್ಟರಲ್ಲಿ ಇಳಿಜಾರು ಸಿಡಿದುಹೋಗಿತ್ತು. ಅಜ್ಜಿ ಕಲ್ಲಿನ ಚೂರುಗಳನ್ನು ಗುಡಿಸುತ್ತ ಗೆರೆ ಹುಡುಕುತ್ತಿದ್ದಳು.

“ಮಳೆ ಬರೋ ಹೊತ್ತಾತು. ನೀನೂ ಒಂದು ಪೊರಕೆ ತಗಳಪ್ಪ.”

ಸಂಜೆಯವರೆಗೆ ಇಬ್ಬರೂ ಗುಡಿಸಿದೆವು. ಗೆರೆ ಸಿಗಲಿಲ್ಲ. ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟು ಸಲವೂ ಅವಳು ನೀರು ಕುಡಿಯೆಂದು ಚೆಂಬು ಕೊಟ್ಟಳು.

ಆ ವರ್ಷದ ಮಳೆ ಗುಡ್ಡದ ಆಚೆ ಬದಿಗೆ ಹರಿದುಹೋಯಿತಂತೆ. ಮರುವರ್ಷ ಅಜ್ಜಿ ತೀರಿಕೊಂಡಳೆಂದು ಹಟ್ಟಿಯ ಮೇಷ್ಟ್ರು ಕಾರ್ಡು ಬರೆದರು. ಒಣಗಿದ ಹೊಂಡದ ದಂಡೆಯಲ್ಲಿ ಕೂತು ಕೊನೆಯವರೆಗೂ ಅವಳು ಬಂದವರಿಗೆಲ್ಲ ಹೇಳುತ್ತಿದ್ದಳಂತೆ: “ಆ ಹುಡುಗಂದೇನೂ ತಪ್ಪಿಲ್ಲ. ಅವನು ತಿದ್ದಿದ್ದ.”

ಇಲ್ಲ ಅಜ್ಜಿ, ತಿದ್ದಿರಲಿಲ್ಲ.